ಬೇರಿದ್ದ ಚಪ್ಪರ

ಕಟಮೋನಿಮ್, ಜೆರುಸಲೇಮ್
ಎಲೂಲ್ ೩

ಯಾರ್ದೆನಾ,

ಫೋನಿನಲ್ಲಿ ನನ್ನ ನಂಬರನ್ನು ತಡೆದಿದ್ದೀಯ. ಅಂಚೆಯವನನ್ನು ತಡೆಯಲಾರೆಯಲ್ಲ, ಅದಕ್ಕೇ ಈ ಕಾಗದ.

ಅಭಿನಂದನೆ ಹೇಳಬೇಕು, ಹೇಳುತ್ತಿದ್ದೇನೆ. ಇಲ್ಲಿಗೆ ಆ ಕೆಲಸ ಮುಗಿಯಿತು.

ಶುಕ್ರವಾರದ ಪತ್ರಿಕೆಯಲ್ಲಿ ನಿನ್ನ ಫೋಟೋ ನೋಡಿದೆ. ಇಲ್ಲಿಯ ಹಳೇ ರೈಲುದಾರಿಯ ಉದ್ಯಾನದಲ್ಲಿ ಈ ಸಲ ಚಪ್ಪರದ ಹಬ್ಬದ ವಾರ ಪೂರ್ತಿ ಹೊಸ ಬಗೆಯ ಚಪ್ಪರಗಳನ್ನು ನಿಲ್ಲಿಸುತ್ತಾರಂತೆ, ಸ್ಪರ್ಧೆಯಲ್ಲಿ ಗೆದ್ದವರ ಪಟ್ಟಿಯಲ್ಲಿ ನಿನ್ನ ಹೆಸರೇ ಮೊದಲು. ಅಪ್ಪ ಅದನ್ನು ನನ್ನ ಕತ್ತರಿಯಿಂದಲೇ ಕತ್ತರಿಸಿಕೊಂಡರು. ಬಟ್ಟೆಯ ಕತ್ತರಿಯಲ್ಲಿ ಕಾಗದ ಕತ್ತರಿಸಿದರೆ ನಾನು ಯಾರನ್ನೂ ಸುಮ್ಮನೆ ಬಿಡುವವಳಲ್ಲ, ನನ್ನ ಗಂಡನನ್ನೂ ಬಿಟ್ಟಿಲ್ಲ. ಅಪ್ಪನನ್ನು ಬಿಟ್ಟೆ. ಆ ಚೂರನ್ನು ಜೇಬಿನಲ್ಲಿಟ್ಟುಕೊಂಡು ಪ್ರಾರ್ಥನೆಗೆ ಹೋದರು, ಪ್ರಾರ್ಥನೆ ಮುಗಿದ ಮೇಲೆ ಒಬ್ಬೊಬ್ಬರಿಗೂ ತೋರಿಸಿದರು. "ನನ್ ಚಿಕ್ಕವಳು ಕಣಯ್ಯಾ ಇವಳು." ಅಲ್ಲಿದ್ದ ಅರ್ಧ ಜನ ವರ್ಷ ವರ್ಷವೂ ಹಬ್ಬದ ಏಳು ದಿನ ಕೂತು ಉಣ್ಣುವುದು ನಾನು ಕ್ಯಾನ್ವಾಸಿನಲ್ಲಿ ಹೊಲಿದು ಕೊಟ್ಟ ಚಪ್ಪರದಲ್ಲಿ. ಅದರ ಚಿತ್ರವನ್ನು ಯಾರೂ ಜೇಬಿನಲ್ಲಿಟ್ಟುಕೊಂಡು ತಿರುಗಿದ್ದನ್ನು ನಾನು ಕಾಣೆ. ಹಿತ್ತಲ ಗಿಡ ಮದ್ದಲ್ಲ.

ಆ ರಾತ್ರಿ ಊಟಕ್ಕೆ ಕೂತಾಗ ಅಪ್ಪ ಹೇಳಿದರು: "ಈ ಸಲ ಹಬ್ಬದ ಮೊದಲ್ನೇ ರಾತ್ರಿ ಯಾರ್ದೆನಾ ಚಪ್ಪರದಲ್ಲಿ ಕೂತ್ಕೋತೀನಮ್ಮ. ನಡ್ಕೊಂಡು ಹೋಗೋ ದೂರಾನೇ."

"ಸಾರು ಆರುತ್ತೆ, ಊಟ ಮಾಡಿ ಅಪ್ಪ" ಎಂದೆ.

ಅಮ್ಮ ಹೋದ ಮೇಲೆ ಪ್ರತಿ ವರ್ಷ ಹಬ್ಬದ ಮೊದಲನೇ ರಾತ್ರಿ ಅಪ್ಪ ಕೂರುವುದು ನನ್ನ ಅಂಗಳದ ಚಪ್ಪರದಲ್ಲಿ. ಇದು ನಿನಗೂ ಗೊತ್ತು. ನಿನಗೆ ಹಬ್ಬ ಯಾವತ್ತು ಬರುತ್ತದೆ ಎಂಬುದೇ ಮರೆತುಹೋಗಿತ್ತು ಅಂದುಕೊಂಡಿದ್ದೆ.

ನಿನ್ನದು 'ಉಸಿರಾಡುವ ಚಪ್ಪರ' ಎಂದು ಪತ್ರಿಕೆಯಲ್ಲಿ ಬರೆದಿದ್ದಾರೆ. ಹಾಗೆಂದರೇನು, ತಿಳಿಸು. ನನ್ನವು ಉಸಿರಾಡುವುದಿಲ್ಲ, ಬರೀ ನಿಲ್ಲುತ್ತವೆ.

ನಿನ್ನ ಅಕ್ಕ,
ಓಸ್ನತ್


ಯಾಫೋ
ಆಗಸ್ಟ್ ೨೭

ಅಕ್ಕ,

ಕಾಗದವೇ ಒಳ್ಳೆಯದು. ಫೋನಿನಲ್ಲಿ ನಿನ್ನ ದನಿ ಕೇಳಿದರೆ ನಾನು ಮತ್ತೆ ಸ್ಕೂಲು ಹುಡುಗಿಯಾಗಿಬಿಡುತ್ತೇನೆ, ಮಾಡದ ತಪ್ಪಿಗೂ ಕ್ಷಮೆ ಕೇಳಬೇಕು ಅನ್ನಿಸುತ್ತದೆ. ಕಾಗದದಲ್ಲಿ ನನ್ನ ವಯಸ್ಸು ನನಗಿರುತ್ತದೆ.

ಅಭಿನಂದನೆಗೆ ಥ್ಯಾಂಕ್ಸ್. ಒಂದು ಚಮಚ ಹರಳೆಣ್ಣೆ ಕುಡಿದ ಹಾಗಿತ್ತು, ಆದರೂ ಕುಡಿದೆ.

ಚಪ್ಪರದ ವಿಷಯ ಕೇಳಿದ್ದೀಯ, ಹೇಳುತ್ತೇನೆ. ಎರಡು ಗೋಡೆ ಪೂರ್ತಿ, ಮೂರನೆಯದು ಅರ್ಧ. ಮೂರೂ ಜೊಂಡಿನವು, ತೆಳ್ಳನೆಯ ಕಬ್ಬಿಣದ ಚೌಕಟ್ಟಿಗೆ ಹೆಣೆದಿದ್ದೇನೆ. ಮೇಲ್ಗಡೆ ಏನೂ ಇಲ್ಲ, ಬರೀ ತಂತಿ. ಗೋಡೆಯ ಸುತ್ತ ಎತ್ತರದ ಕುಂಡಗಳು, ಅವುಗಳಲ್ಲಿ ದ್ರಾಕ್ಷಿ ಬಳ್ಳಿ ಮತ್ತು ಪ್ಯಾಷನ್ ಫ್ರೂಟ್ ಬಳ್ಳಿ. ವಸಂತದಿಂದ ನಮ್ಮ ಕಟ್ಟಡದ ತಾರಸಿಯ ಮೇಲೆ ಬೆಳೆಸುತ್ತಿದ್ದೇನೆ. ಅವು ಗೋಡೆ ಹತ್ತಿ, ತಂತಿಯ ಮೇಲೆ ಹರಡಿ, ತಾವೇ ಮಾಡು ಆಗುತ್ತವೆ. ಎಲ್ಲರೂ ಚಪ್ಪರ ಕಟ್ಟುತ್ತಾರೆ, ನಾನು ಬೆಳೆಸಿದ್ದೇನೆ. ಹಬ್ಬಕ್ಕೆ ಕುಂಡಗಳ ಸಮೇತ ಲಾರಿಯಲ್ಲಿ ತರಿಸುತ್ತೇನೆ. ನಡುವಿನ ಸಂದಿಯಲ್ಲಿ ನಕ್ಷತ್ರ ಕಾಣುತ್ತದೆ, ಬಿಸಿಲಿಗಿಂತ ನೆರಳು ಹೆಚ್ಚು. ಸಂಘಟಕರ ರಬ್ಬಿ ನನ್ನ ಪುಟ್ಟ ಮಾದರಿಯನ್ನು ಮೇಜಿನ ಮೇಲಿಟ್ಟುಕೊಂಡು ನೋಡಿ ಒಪ್ಪಿದ್ದಾರೆ. ಅದರ ಮೇಲೆ ನಾನು ಒಣಕಡ್ಡಿ ಅಂಟಿಸಿದ್ದೆ, ಅವರಿಗೆ ತುಂಬಾ ಹಿಡಿಸಿತು.

ಇನ್ನು ಅಪ್ಪನ ವಿಷಯ. ಅಮ್ಮ ತೀರಿಕೊಂಡ ವರ್ಷ ಅವರು ನನ್ನ ಮನೆಗೆ ಬಂದಿದ್ದು ನಿನಗೆ ನೆನಪಿದೆ, ಆದರೆ ಅಲ್ಲಿ ಏನಾಯಿತು ಎಂದು ನೀನು ಕೇಳಲೇ ಇಲ್ಲ. ಅಮ್ಮನ ಹಾಗೆಯೇ ಹುಳಿ ಸಾರು ಮಾಡಿ, ಮಾಂಸ ತುಂಬಿದ ಕುಬ್ಬೆ ಉಂಡೆ ಹಾಕಿ, ತಟ್ಟೆ ಇಟ್ಟೆ. ಅಪ್ಪ ಎರಡು ಬೆರಳಿನಿಂದ ತಟ್ಟೆಯನ್ನು ನನ್ನ ಕಡೆಗೆ ತಳ್ಳಿದರು. "ನಿನ್ ಪಾತ್ರೆಯಲ್ಲಿ ನಂಗಾಗಲ್ಲ ಮಗಳೇ" ಅಂದರು. ಊಟದ ಕಟ್ಟಳೆ ಪಾಲಿಸುವ ಅಡುಗೆಮನೆ ನನ್ನದಲ್ಲವಲ್ಲ. ಬೈದಿದ್ದರೆ ಮರೆಯುತ್ತಿದ್ದೆ. ಮೆತ್ತಗೆ ಹೇಳಿದರು, ಅದೇ ಹೋಗುತ್ತಿಲ್ಲ. ಆಮೇಲೆ ನಾನೂ ಕರೆಯಲಿಲ್ಲ, ಅವರೂ ಬರಲಿಲ್ಲ.

ಈ ಚಪ್ಪರ ನನ್ನದು, ಆದರೆ ಅಲ್ಲಿ ನನ್ನ ಅಡುಗೆಮನೆ ಇಲ್ಲ. ಕಟ್ಟಳೆ ಪ್ರಕಾರ ಬೇಯಿಸುವ ಕೋಷರ್ ಅಡುಗೆಯವರಿಂದ ಮೊಹರು ಹಾಕಿದ ಡಬ್ಬಿಯಲ್ಲಿ ಊಟ ತರಿಸುತ್ತೇನೆ, ಕಾಗದದ ತಟ್ಟೆ ಇಡುತ್ತೇನೆ. ಈ ಭೂಮಿಯ ಮೇಲೆ ಅಪ್ಪ ನನ್ನ ಜೊತೆ ಕೂತು ಉಣ್ಣಬಹುದಾದ ಮೇಜು ಅದೊಂದೇ. ಅದಕ್ಕಾಗಿಯೇ ಕಟ್ಟಿದೆ, ಬಹುಮಾನಕ್ಕಲ್ಲ. ನಿನಗೆ ಪ್ರತಿ ಶುಕ್ರವಾರ ಅಪ್ಪ ಸಿಗುತ್ತಾರೆ. ನಾನು ಕೇಳುತ್ತಿರುವುದು ಒಂದು ರಾತ್ರಿ. ಅದಕ್ಕೂ ನಿನ್ನ ಸಾರು ಆರಿಹೋಗುತ್ತದೆಯೇ?

ಯಾರ್ದೆನಾ


ಕಟಮೋನಿಮ್
ಎಲೂಲ್ ೧೫

ಹಬೀಬಾ ಅತ್ತೆಗೆ ನಮಸ್ಕಾರ.

ನಿಮ್ಮ ಗುಡ್ಡದ ಹಳ್ಳಿಯಲ್ಲಿ ಅಂಜೂರ ಮುಗಿದಿರಬೇಕು. ಅಪ್ಪ ಚೆನ್ನಾಗಿದ್ದಾರೆ. ನಿಮ್ಮ ತಮ್ಮನಿಗೆ ಈಗ ಚಿಕ್ಕ ಮಗಳದೇ ಧ್ಯಾನ.

ನಿಮ್ಮ ಹತ್ತಿರ ಮಾತ್ರ ಹೇಳಬಹುದಾದ ವಿಷಯ ಒಂದಿದೆ. ಯಾರ್ದೆನಾಳ ಚಪ್ಪರ ಚಪ್ಪರವೇ ಅಲ್ಲ. ಕುಂಡದಲ್ಲಿ ಬೇರಿರುವ ಹಸಿಬಳ್ಳಿಯನ್ನು ಹತ್ತಿಸಿ ಮಾಡು ಮಾಡಿದ್ದಾಳಂತೆ. ಮಣ್ಣಿನಲ್ಲಿ ಬೇರಿರುವುದು ಹೊದಿಕೆಯಾಗುವುದಿಲ್ಲ, ಕಡಿದು ತಂದ ಸೊಪ್ಪೇ ಆಗಬೇಕು, ಇದು ನಮ್ಮ ಕೇರಿಯ ಮಕ್ಕಳಿಗೂ ಗೊತ್ತು. ಅಂಥ ಮಾಡಿನ ಕೆಳಗೆ ಕೂತು ಉಂಡರೆ ಬೀದಿಯಲ್ಲಿ ಕೂತು ಉಂಡ ಹಾಗೆಯೇ ಲೆಕ್ಕ. ರಬ್ಬಿಯವರು ನೋಡಿದ್ದು ಕಡ್ಡಿ ಅಂಟಿಸಿದ ಬೊಂಬೆಯನ್ನು, ಅವರಿಗೇನು ಗೊತ್ತು ಪಾಪ.

ಅವಳ ಕಾಗದದಲ್ಲಿ ಆ ಸಾಲು ಓದಿದಾಗ ನಾನು ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದೆ. ನಗು ಬಂತು ಅತ್ತೆ. ಎಂಥ ಖುಷಿ ಎಂದರೆ ಎದ್ದು ಹೋಗಿ ಒಂದು ಲೋಟ ಟೀ ಮಾಡಿಕೊಂಡು, ಸಕ್ಕರೆ ಜಾಸ್ತಿ ಹಾಕಿಕೊಂಡು ಕುಡಿದೆ.

ನಿಮಗೆ ಇನ್ನೊಂದೂ ಹೇಳಿಬಿಡುತ್ತೇನೆ. ಆ ಸ್ಪರ್ಧೆಗೆ ನಾನೂ ಕಳಿಸಿದ್ದೆ. ಯಾರಿಗೂ ಹೇಳಿರಲಿಲ್ಲ. ಬಿಳೀ ಕ್ಯಾನ್ವಾಸಿನದು, ಸೆಕೆಯಾದಾಗ ಗೋಡೆಯನ್ನು ಸುತ್ತಿ ಮೇಲೆ ಕಟ್ಟಬಹುದು, ಇಳಿಬಿಟ್ಟರೆ ಗಾಳಿಗೆ ಅಲುಗದ ಹಾಗೆ ಒಳಗಡೆ ಒತ್ತೊತ್ತಾಗಿ ಪಟ್ಟಿ. ಅಲುಗುವ ಗೋಡೆ ಗೋಡೆಯಲ್ಲವಲ್ಲ. ಇಷ್ಟು ವರ್ಷದಲ್ಲಿ ನಾನು ಕಲಿತದ್ದೆಲ್ಲ ಅದರಲ್ಲಿತ್ತು. 'ಅಚ್ಚುಕಟ್ಟಾಗಿದೆ, ಆದರೆ ಇಂಥವು ಅಂಗಡಿಯಲ್ಲಿ ಸಿಗುತ್ತವೆ' ಎಂದು ವಾಪಸ್ ಬಂತು. ಅಂಗಡಿಯಲ್ಲಿ ಸಿಗುತ್ತವೆ, ಹೌದು. ಆ ಅಂಗಡಿ ನನ್ನದೇ.

ಗಿರಾಕಿಗಳು ಬಂದು ಮೇಲೆ ಬಾಲ್ಕನಿ ಇದೆ, ಅದರ ಕೆಳಗೆ ಚಪ್ಪರ ಹಾಕಿದರೆ ನಡೆಯುತ್ತದೆಯೇ ಎಂದು ಕೇಳುತ್ತಾರೆ. ಸೊಪ್ಪಿನ ಮೇಲೆ ಆಕಾಶವೇ ಇರಬೇಕಲ್ಲ, ನಾನು ಅವರ ಮನೆಗೇ ಹೋಗಿ ಅಳೆದು, ಇಷ್ಟು ಈಚೆ ಹಾಕಿ ಎಂದು ಹೇಳಿ ಬರುತ್ತೇನೆ. ಗುರುತಿಲ್ಲದವರಿಗೆ ಅಷ್ಟು ಮಾಡುವವಳು ತಂಗಿಗೆ ಒಂದು ಸಾಲು ಬರೆಯಲಾರದೆ ಕೂತಿದ್ದೇನೆ. ನಾನು ಸುಮ್ಮನಿದ್ದರೆ ಹಬ್ಬದ ಹೊತ್ತಿಗೆ ಯಾರಾದರೂ ಗಡ್ಡದವರು ಕುಂಡ ನೋಡುತ್ತಾರೆ, ಎಲ್ಲರ ಮುಂದೆ ಅವಳ ಮಾನ ಹೋಗುತ್ತದೆ, ಅಪ್ಪ ನನ್ನ ಅಂಗಳಕ್ಕೆ ವಾಪಸ್ ಬರುತ್ತಾರೆ. ನಾನು ಬೇಡಿಕೊಳ್ಳುತ್ತಿರುವುದು ಇದನ್ನೇ. ಕೆಟ್ಟವಳು ಎನ್ನಿ, ಪರವಾಗಿಲ್ಲ.

ನಿಮ್ಮ ಓಸ್ನತ್


ಎಲೂಲ್ ೨೩

ಓಸ್ನತ್,

ಕಣ್ಣು ಮಂಜಾಗಿದೆ, ಪಕ್ಕದ ಮನೆ ಹುಡುಗಿ ಕೈಯಲ್ಲಿ ಬರೆಸುತ್ತಿದ್ದೇನೆ. ಅವಳು ನಗುತ್ತಿದ್ದಾಳೆ, ನೀನು ಬೇಸರ ಮಾಡಿಕೊಳ್ಳಬೇಡ.

ಕೆಟ್ಟವಳು ಎನ್ನಿ ಅಂದೆ. ಅಂದಿದ್ದೇನೆ, ತೆಗೆದುಕೋ. ನೀನು ಚಿಕ್ಕವಳಿದ್ದಾಗ ಅವಳು ತೊಟ್ಟಿಲಲ್ಲಿ ಮಲಗಿದ್ದರೆ ಹೋಗಿ ಚಿವುಟಿ, ಅತ್ತಾಗ ಎತ್ತಿಕೊಂಡು ಸಮಾಧಾನ ಮಾಡಿ, ಒಳ್ಳೇ ಅಕ್ಕ ಅನ್ನಿಸಿಕೊಳ್ಳುತ್ತಿದ್ದೆ. ನಿಮ್ಮಮ್ಮನಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಈಗ ಚಿವುಟಿದರೆ ಎತ್ತಿಕೊಳ್ಳುವುದಕ್ಕೆ ಅವಳು ಸಿಗುವುದಿಲ್ಲ ಕಣೇ.

ಹೇಳಿಬಿಡು. ಎಲೂಲ್ ಮುಗಿದು ಹೊಸ ವರ್ಷ ಬರುವುದರೊಳಗೆ ಹೇಳು.

ಒಣ ಅಂಜೂರ ಕಳಿಸಿದ್ದೇನೆ. ಅಪ್ಪನಿಗೆ ಜಾಸ್ತಿ ಕೊಡಬೇಡ, ಹೊಟ್ಟೆ ಕೆಡುತ್ತದೆ.

ಹಬೀಬಾ


ಕಟಮೋನಿಮ್
ತಿಶ್ರೇ ೪

ಯಾರ್ದೆನಾ,

ಹೊಸ ವರ್ಷ ನಿನಗೆ ಸಿಹಿಯಾಗಿರಲಿ. ಅದಕ್ಕೆ ಮುಂಚೆಯೇ ಬರೆಯಬೇಕಿತ್ತು, ಬರೆಯಲಿಲ್ಲ. ಯಾಕೆ ಎಂದು ಕೇಳಬೇಡ.

ನಿನ್ನ ಚಪ್ಪರದಲ್ಲಿ ಒಂದು ದೋಷವಿದೆ. ಬೇರು ಮಣ್ಣಿನಲ್ಲಿರುವ ಬಳ್ಳಿ ಹೊದಿಕೆಯಾಗಿ ನಡೆಯುವುದಿಲ್ಲ. ನೆಲದಿಂದ ಬೇರೆಯಾದ ಸೊಪ್ಪಾಗಬೇಕು, ಅದನ್ನು ಮನುಷ್ಯರು ತಮ್ಮ ಕೈಯಿಂದ ನೆರಳಿಗೆಂದೇ ಹಾಕಿರಬೇಕು. ಸರಿಪಡಿಸುವುದು ಕಷ್ಟವಲ್ಲ. ಹಬ್ಬದ ಹಿಂದಿನ ದಿನ, ಸೂರ್ಯ ಮುಳುಗುವ ಮೊದಲು, ಪ್ರತಿ ಬಳ್ಳಿಯನ್ನೂ ಬುಡದಲ್ಲಿ ಕತ್ತರಿಸು. ಅಷ್ಟೇ ಸಾಲದು. ಕತ್ತರಿಸಿದ ಮೇಲೆ ಪ್ರತಿ ಎಳೆಯನ್ನೂ ತಂತಿಯಿಂದ ಒಮ್ಮೆ ಎತ್ತಿ ಮತ್ತೆ ಇಡು, ಆಗ ನೀನೇ ಹೊದಿಸಿದಂತಾಗುತ್ತದೆ. ನನ್ನ ಮಾತು ಬೇಡವಾದರೆ ಯಾರಾದರೂ ರಬ್ಬಿಯನ್ನು ಕೇಳು. ಕುಂಡ ಇದೆ ಎಂದು ಮಾತ್ರ ಬಾಯಿಬಿಟ್ಟು ಹೇಳು.

ಕೆಲಸಕ್ಕೆ ಜನ ಬೇಕಾದರೆ ನಾನು ಏಣಿ ತೆಗೆದುಕೊಂಡು ಬರುತ್ತೇನೆ. ನಮ್ಮಲ್ಲಿ ಎತ್ತರದ್ದಿದೆ.

ಓಸ್ನತ್


ಯಾಫೋ
ಸೆಪ್ಟೆಂಬರ್ ೨೩

ಅಕ್ಕ,

ನಿನ್ನ ಕಾಗದ ಬಂದ ದಿನವೇ ಸಂಘಟಕರ ಆಫೀಸಿಗೆ ಹೋಗಿದ್ದೆ. ಬಂದ ನಕ್ಷೆಗಳನ್ನೆಲ್ಲ ಗೋಡೆಗೆ ಅಂಟಿಸಿದ್ದರು, ಆಯ್ಕೆಯಾಗದವನ್ನೂ. ಬಾಗಿಲ ಹಿಂದಿನ ಮೂಲೆಯಲ್ಲಿ ಒಂದು ಬಿಳೀ ಕ್ಯಾನ್ವಾಸ್ ಚಪ್ಪರ. ಹೆಸರು ನೋಡುವ ಮೊದಲೇ ಕೈ ಯಾರದೆಂದು ಗೊತ್ತಾಯಿತು. ಅಲ್ಲೇ ನಿಂತು ತುಂಬಾ ಹೊತ್ತು ನೋಡಿದೆ. ಅದು ಚೆನ್ನಾಗಿದೆ ಅಕ್ಕ. ನಾನು ತೀರ್ಪುಗಾರ್ತಿಯಾಗಿದ್ದರೆ ಅದನ್ನು ತೆಗೆದುಕೊಳ್ಳುತ್ತಿದ್ದೆ. ಅಂದೇ ನಿನಗೆ ಹಾಗೆ ಬರೆಯಬೇಕು ಎಂದುಕೊಂಡು ಮನೆಗೆ ಬಂದರೆ, ಇಲ್ಲಿ ನಿನ್ನ ಕಾಗದ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಕುಣಿಯುವವಳ ಕಾಲನ್ನೇ ಕತ್ತರಿಸು ಎಂದು ಹೇಳಿದ್ದನ್ನು ನಾನು ಈವರೆಗೆ ಕೇಳಿರಲಿಲ್ಲ. ನನ್ನ ಕೆಲಸದಲ್ಲಿ ಜೀವ ಇರುವುದೇ ಆ ಬಳ್ಳಿಯಲ್ಲಿ, ಅದನ್ನೇ ಬುಡದಲ್ಲಿ ಕತ್ತರಿಸು ಅನ್ನುತ್ತೀಯ. ಕತ್ತರಿಸಿದರೆ ಮರುದಿನಕ್ಕೇ ಬಾಡುತ್ತದೆ. ವಾರ ಪೂರ್ತಿ ಜನ ಬಂದು ಒಣಗಿದ ತರಗು ನೋಡಿ ಹೋಗಬೇಕು. ಜೊತೆಗೆ ಏಣಿ ಬೇರೆ ತರುತ್ತೀಯಂತೆ, ಕತ್ತರಿಯೂ ಇರುತ್ತದೆ ಅಂದುಕೊಂಡಿದ್ದೇನೆ.

ರಬ್ಬಿ ಒಮ್ಮೆ ಒಪ್ಪಿದ್ದಾರೆ. ನಿನ್ನ ಹೊಟ್ಟೆಕಿಚ್ಚಿಗಾಗಿ ಎರಡನೇ ಸಲ ಅವರ ಬಾಗಿಲು ತಟ್ಟುವುದಿಲ್ಲ. ನಕ್ಷೆ ಕಳಿಸಿದ್ದೆ ಎಂದು ನನಗೆ ಒಂದು ಮಾತು ಹೇಳಿದ್ದಿದ್ದರೆ ನಿನ್ನ ಮಾತನ್ನು ನಂಬುತ್ತಿದ್ದೆನೋ ಏನೋ. ಎಲೂಲ್ ತಿಂಗಳೆಲ್ಲ ಸುಮ್ಮನಿದ್ದವಳಿಗೆ ಈಗ ಕಟ್ಟಳೆ ನೆನಪಾಯಿತೇ?

ಪ್ರಾಯಶ್ಚಿತ್ತದ ದಿನದ ನಿನ್ನ ಉಪವಾಸ ಸುಸೂತ್ರವಾಗಿ ಮುಗಿಯಲಿ.

ಯಾರ್ದೆನಾ


ಕಟಮೋನಿಮ್
ತಿಶ್ರೇ ೧೭, ಹಬ್ಬದ ನಡುದಿನ

ಹಬೀಬಾ ಅತ್ತೆಗೆ,

ಸಾಲು ಓರೆಯಾಗಿದೆ ಎಂದು ಪಕ್ಕದ ಮನೆ ಹುಡುಗಿ ನಗದಿರಲಿ. ಹಬ್ಬದ ನಡುದಿನಗಳಲ್ಲಿ ಬರೆಯಬಾರದು, ಬರೆಯಲೇಬೇಕಾದರೆ ಓರೆಯಾಗಿ ಬರೆ ಎಂದು ಅಪ್ಪ ಕಲಿಸಿದ್ದು. ಬರೆಯದಿದ್ದರೆ ನನ್ನ ಎದೆ ಒಡೆಯುತ್ತದೆ.

ಯಾರ್ದೆನಾ ನನ್ನ ಮಾತು ನಂಬಲಿಲ್ಲ. ಹೊಟ್ಟೆಕಿಚ್ಚು ಎಂದಳು. ಆಗ ನಾನು ಅಪ್ಪನಿಗೆ ಹೇಳಲು ತೀರ್ಮಾನಿಸಿದೆ. ಅಪ್ಪ ಗೊತ್ತಿಲ್ಲದೆ ತಪ್ಪು ಮಾಡಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ಆ ಮಾತನ್ನು ನಾನೂ ನಂಬಲಿಲ್ಲ.

ಪ್ರಾಯಶ್ಚಿತ್ತದ ದಿನ ಮುಗಿದ ಮಾರನೇ ಬೆಳಿಗ್ಗೆ ಇಬ್ಬರೂ ಅಂಗಳದಲ್ಲಿ ಚೌಕಟ್ಟು ನಿಲ್ಲಿಸುತ್ತಿದ್ದೆವು. ಅಪ್ಪ ಹಗ್ಗ ಕಟ್ಟುತ್ತಿದ್ದರು.

"ಅಪ್ಪ, ಯಾರ್ದೆನಾ ಚಪ್ಪರ ನಡೆಯಲ್ಲ. ಬಳ್ಳಿ ಎಲ್ಲಾ ಕುಂಡದಲ್ಲೇ ಇದೆ, ಬೇರು ಸಮೇತ."

"ಗೊತ್ತು."

"ಗೊತ್ತಾ? ಯಾವಾಗ್ಲಿಂದ?"

"ಪೇಪರ್ ಕತ್ತರಿಸ್ದಾಗ್ಲೇ. ಫೋಟೋದಲ್ಲಿ ಕುಂಡ ಕಾಣ್ಸುತ್ತಲ್ಲ. ಆ ತುದಿ ಹಿಡ್ಕೋ, ಸಡಿಲ ಬಿಡ್ಬೇಡ."

ನಾನು ಹಿಡಿದುಕೊಂಡೆ.

"ಅವಳಿಗೆ ಹೇಳಿದ್ಯಾ?" ಎಂದರು.

"ಹೇಳ್ದೆ. ಹೊಟ್ಟೆಕಿಚ್ಚಿಗೆ ಹೇಳ್ತೀಯ ಅಂದ್ಲು."

"ಹೊಟ್ಟೆಕಿಚ್ಚಿಗೇ ತಾನೆ ಹೇಳಿದ್ದು?"

"ಹೂಂ" ಎಂದೆ.

"ಇನ್ನೊಂದ್ಸಲ ಹೇಳ್ಬೇಡ."

"ಅವಳು ನಂಬದಿದ್ರೆ ನೀವ್ ಹೇಳಿ ಅಪ್ಪ. ನೀವ್ ಹೇಳಿದ್ರೆ ಸರಿ ಮಾಡ್ಕೋತಾಳೆ."

"ಮಾಡ್ಕೋತಾಳೆ. ಅಷ್ಟೂ ಬಳ್ಳಿ ಕತ್ತರಿಸ್ತಾಳೆ. ಆಮೇಲೆ ಊಟ ಮುಗಿಯೋವರ್ಗೂ, ಇನ್ನೇನು ತಪ್ಪು ಹುಡುಕ್ತಾರೋ ಅಂತ ನನ್ ಮುಖಾನೇ ನೋಡ್ತಾ ಕೂತ್ಕೋತಾಳೆ. ಒಂದ್ಸಲ ಅವಳ ತಟ್ಟೆ ತಳ್ಳಿದ್ದೀನಿ ಓಸ್ನತ್. ಕಟ್ಟಳೆ ಪ್ರಕಾರ ಸರಿಯಾಗೇ ತಳ್ದೆ. ಅವತ್ತಿಂದ ಮಗಳು ಮನೆಗೆ ಕರೀಲಿಲ್ಲ. ಎರಡನೇ ಸಲ ತಳ್ಳಲ್ಲ."

"ಹಬ್ಬದ ಕಟ್ಟಳೆ?"

"ಅದನ್ನ ನಿನ್ ಚಪ್ಪರದಲ್ಲಿ ರೊಟ್ಟಿ ತಿಂದು ಮುಗಿಸ್ಕೊಂಡು ಹೋಗ್ತೀನಿ. ಅಲ್ಲಿ ಒಂಚೂರು ಹಣ್ಣು, ಒಂದ್ ಲೋಟ ವೈನು. ರೊಟ್ಟಿ ಮುಟ್ಟಲ್ಲ. ಚಪ್ಪರದಾಚೆ ಹಣ್ಣು ತಿಂದ್ರೆ ತಪ್ಪಿಲ್ಲ, ರೊಟ್ಟಿ ತಿಂದ್ರೆ ತಪ್ಪು." ಆಮೇಲೆ ಗಂಟು ಬಿಗಿದು, ನನ್ನ ಕಡೆ ತಿರುಗದೆ, "ಇದು ಅವಳ ಕಿವಿಗೆ ಯಾವತ್ತೂ ಬೀಳ್ಬಾರ್ದು. ನಾನ್ ಸತ್ಮೇಲೂ" ಎಂದರು.

ಮಾತು ಕೊಟ್ಟೆ.

ಮೊದಲನೇ ರಾತ್ರಿ ಬಂದರು. ನನ್ನ ಚಪ್ಪರದಲ್ಲಿ ಒಂದು ಲೋಪ ತೋರಿಸಿ ನೋಡೋಣ. ಮೇಲೆ ಹೊಸ ಖರ್ಜೂರದ ಗರಿ, ನಾಲ್ಕು ಗೋಡೆ, ಗಾಳಿ ಬಂದರೂ ಕದಲದು. ಎಲೆಯಲ್ಲಿ ಅಕ್ಕಿ ಸುತ್ತಿ ಯಪ್ರಖ್ ಮಾಡಿದ್ದೆ, ಅಪ್ಪನಿಗೆ ಬೇಕಾದಷ್ಟು ಹುಳಿ ಹಾಕಿ. ನಿಂತುಕೊಂಡು ವೈನಿನ ಪ್ರಾರ್ಥನೆ ಹೇಳಿದರು, ಕೂತು ರೊಟ್ಟಿ ಮುರಿದು ಎರಡು ತುತ್ತು ತಿಂದರು. ಯಪ್ರಖ್ ಪಾತ್ರೆ ಹತ್ತಿರ ಸರಿಸಿದೆ. "ನಾಳೆ ತಿಂತೀನಮ್ಮ" ಎಂದರು. ಕೃತಜ್ಞತೆಯ ಪ್ರಾರ್ಥನೆ ಮುಗಿಸಿ ಹ್ಯಾಟು ಹಾಕಿಕೊಂಡು ಹೊರಟರು. ಅಷ್ಟು ಚುರುಕಾಗಿ ನಡೆದದ್ದನ್ನು ನಾನು ಈಚೆಗೆ ನೋಡಿಲ್ಲ. ಮೇಲಿನ ಮನೆಯವರು ಬಾಲ್ಕನಿಯಿಂದ "ಅಪ್ಪ ಎಲ್ಲಿಗೆ ಹೊರಟ್ರು?" ಎಂದು ಕೇಳಿದರು. "ತಂಗಿ ಹತ್ರ" ಎಂದೆ.

ನನ್ನ ಚಪ್ಪರದಲ್ಲಿ ತಪ್ಪಿಲ್ಲ, ಅದಕ್ಕೇ ಅದು ಕಟ್ಟಳೆ ಮುಗಿಸುವ ಜಾಗವಾಯಿತು. ನನಗಾಗಿ ಅಪ್ಪ ಒಂದು ಸಣ್ಣ ನಿಯಮವನ್ನೂ ಈವರೆಗೆ ಸಡಿಲಿಸಿಲ್ಲ. ಸಡಿಲಿಸುವ ಅಗತ್ಯ ಬರದ ಹಾಗೆ ನಾನೇ ನೋಡಿಕೊಂಡೆ. ಅದೇ ನನ್ನ ದಡ್ಡತನವೇ ಅತ್ತೆ? ಅಲ್ಲಿ ಅಪ್ಪ ಹಣ್ಣನ್ನಷ್ಟೇ ತಿಂದಿದ್ದರೆ ತಡೆದುಕೊಳ್ಳುತ್ತೇನೆ. ಹಣ್ಣಷ್ಟೇ ತಾನೆ ಎಂದು ಮೂರು ದಿನದಿಂದ ಹೇಳಿಕೊಳ್ಳುತ್ತಿದ್ದೇನೆ.

ನಿಮ್ಮ ಓಸ್ನತ್


ಯಾಫೋ
ಅಕ್ಟೋಬರ್ ೪

ಅಕ್ಕ,

ನಿನಗೆ ಬರೆಯಬಾರದು ಎಂದುಕೊಂಡಿದ್ದೆ. ಆದರೆ ಇದನ್ನು ಹೇಳಿಕೊಳ್ಳಲು ನನಗೆ ಇನ್ಯಾರೂ ಇಲ್ಲ.

ಅಪ್ಪ ಬಂದರು. ಉದ್ಯಾನದ ದೀಪದ ಕೆಳಗೆ ಹ್ಯಾಟು ಕಂಡಾಗಲೇ ಕುರ್ಚಿ ಎಳೆದಿಟ್ಟೆ. ಒಳಗೆ ಬಂದು ಕೂತರು. ನಾನು ಅಡುಗೆಯವರ ಮನೆಗೇ ಹೋಗಿ, ಅವರ ಪಾತ್ರೆಯಲ್ಲಿ, ಅವರ ಕಣ್ಣೆದುರಿಗೇ ಕುಬ್ಬೆಯ ಉಂಡೆ ಕಟ್ಟಿದ್ದೆ. ಅದನ್ನು ಹೇಳಿದೆ. "ಹೂಂ" ಎಂದರು. ಮೊದಲು ಬರೀ ದ್ರಾಕ್ಷಿ ತಿಂದರು. ಒಂದೊಂದೇ, ನಿಧಾನವಾಗಿ. ಮತ್ತೆ ಅದೇ ಆಗುತ್ತದೆ ಅಂದುಕೊಂಡೆ. ಕಾಗದದ ತಟ್ಟೆಯನ್ನು ಅವರ ಮುಂದೆ ಇಡಲೂ ಹೆದರಿಕೆ.

ಆಮೇಲೆ ತಲೆಯೆತ್ತಿ ಮಾಡು ನೋಡಿದರು. ತುಂಬಾ ಹೊತ್ತು ನೋಡಿದರು, ಬಳ್ಳಿ ಎಲ್ಲಿಂದ ಬಂದಿದೆ, ಎಲ್ಲಿಗೆ ಹೋಗಿದೆ ಎಂದು ಕುಂಡದವರೆಗೂ ಕಣ್ಣಾಡಿಸಿದರು.

"ಯಾವಾಗ್ಲಿಂದ ಬೆಳೆಸ್ದೆ ಇದನ್ನ?"

"ವಸಂತದಿಂದ ಅಪ್ಪ."

"ನೀರ್ ಯಾರ್ ಹಾಕೋರು?"

"ನಾನೇ. ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ."

"ನಾನ್ ಬರ್ತೀನಿ ಅಂತಾನಾ?"

ಹೌದೆಂದು ತಲೆಯಾಡಿಸಿದೆ. ಅಪ್ಪ ಕೈ ತೊಳೆದುಕೊಂಡು ಬಂದು, ರೊಟ್ಟಿ ಎತ್ತಿ ಮುರಿದು, ಉಪ್ಪಿಗೆ ಅದ್ದಿ, ಮೊದಲನೇ ತುಂಡನ್ನು ನನಗೆ ಕೊಟ್ಟರು. ಆಮೇಲೆ ತಾವು ತಿಂದರು. ಇನ್ನೊಂದು ತಿಂದರು. ಸಾರು ಎರಡು ಸಲ ಹಾಕಿಸಿಕೊಂಡು, "ಉಪ್ಪು ಕಮ್ಮಿ. ನಿಮ್ಮಮ್ಮಂದೂ ಹೀಗೇ" ಎಂದು ರೊಟ್ಟಿಯಿಂದ ತಟ್ಟೆ ಒರೆಸಿಕೊಂಡು ತಿಂದರು.

ಈಗ ಹೇಳು. ನಮ್ಮ ಮನೆಯಲ್ಲಿ ಕಟ್ಟಳೆ ಬಲ್ಲವರು ಯಾರು, ನೀನೋ ಅಪ್ಪನೋ? ಬಳ್ಳಿಯನ್ನು ಬುಡದಿಂದ ತುದಿಯವರೆಗೆ ನೋಡಿದ ಮೇಲೆಯೇ ಅವರು ರೊಟ್ಟಿ ಮುರಿದದ್ದು. ನನ್ನ ಮಾಡಿನಲ್ಲಿ ತಪ್ಪಿದ್ದಿದ್ದರೆ ಅಪ್ಪ ತಿನ್ನುತ್ತಿದ್ದರೇ? ನನ್ನ ಕೆಲಸವನ್ನು ನನ್ನ ಕೈಯಿಂದಲೇ ಕತ್ತರಿಸಿ ಹಾಕಿಸಲು ನೋಡಿದೆಯಲ್ಲ. ಅದನ್ನು ನಾನು ನುಂಗಿಕೊಂಡು ಇರಲಾರೆ.

ಒಂದು ಸಾಲು ಬರೆದು ಕಳಿಸು: ನಿನ್ನ ಚಪ್ಪರ ಸರಿಯಿತ್ತು, ನಾನು ಹೊಟ್ಟೆಕಿಚ್ಚಿಗೆ ಸುಳ್ಳು ಹೇಳಿದೆ ಎಂದು. ಕಳಿಸಿದರೆ ಮುಂದಿನ ಶುಕ್ರವಾರ ನಿನ್ನ ಮನೆ ಊಟಕ್ಕೆ ನಾನೇ ಬರುತ್ತೇನೆ. ಇಲ್ಲದಿದ್ದರೆ ಇನ್ನು ಕಾಗದವೂ ಬೇಡ.

ಯಾರ್ದೆನಾ


ಕಟಮೋನಿಮ್
ತಿಶ್ರೇ ೨೪

ಯಾರ್ದೆನಾ,

ಹಬ್ಬ ಮುಗಿಯಲಿ ಎಂದು ಕಾದೆ. ಓರೆಯಾಗಿ ಬರೆಯುವ ವಿಷಯವಲ್ಲ ಇದು.

ನಿನ್ನ ಕಾಗದ ಓದಿದೆ. ರೊಟ್ಟಿಯ ಜಾಗಕ್ಕೆ ಬಂದಾಗ ಎದ್ದು ಹೊರಗೆ ಹೋಗಿ ನಿಂತು, ಮತ್ತೆ ಬಂದು ಓದಿದೆ. ಮುರಿದವರೇ ಮೊದಲು ತಿನ್ನುವುದು ನಮ್ಮಲ್ಲಿ ಪದ್ಧತಿ. ಇಷ್ಟು ವರ್ಷ ಅಪ್ಪ ನನ್ನ ಮೇಜಿನಲ್ಲಿ ರೊಟ್ಟಿ ಮುರಿದಿದ್ದಾರೆ, ಮೊದಲನೇ ತುಂಡು ನನ್ನ ಕೈಗೆ ಒಂದು ಸಲವೂ ಬಂದಿಲ್ಲ. ಅಪ್ಪನನ್ನು ನಾನು ಏನೂ ಕೇಳಲಿಲ್ಲ. ಅವರೂ ಹೇಳಲಿಲ್ಲ. ಯಪ್ರಖ್ ಬಿಸಿ ಮಾಡಿ ಕೊಟ್ಟೆ, ಚೆನ್ನಾಗಿದೆ ಎಂದರು.

ನೀನು ಕೇಳಿದ ಸಾಲು ಇಲ್ಲಿದೆ. ನಿನ್ನ ಚಪ್ಪರ ಸರಿಯಿತ್ತು. ನಾನು ಹೊಟ್ಟೆಕಿಚ್ಚಿಗೆ ಸುಳ್ಳು ಹೇಳಿದೆ.

ಶುಕ್ರವಾರ ಬಾ. ಅಪ್ಪನ ಪಕ್ಕದ ಕುರ್ಚಿ ನನ್ನದು, ಅದರಲ್ಲಿ ನೀನು ಕೂತುಕೋ. ನಾನು ಬಡಿಸುತ್ತಾ ಇರುತ್ತೇನೆ. ಮುಂದಿನ ವರ್ಷವೂ ಬಳ್ಳಿ ಬೆಳೆಸು, ಮೊದಲನೇ ರಾತ್ರಿ ಅಪ್ಪನನ್ನು ಕರೆ, ನಾನು ಅಡ್ಡ ಬರುವುದಿಲ್ಲ. ನನ್ನನ್ನು ಮಾತ್ರ ಕರೆಯಬೇಡ. ನಿನ್ನ ಚಪ್ಪರದಲ್ಲಿ ಅಪ್ಪ ಹೊಟ್ಟೆ ತುಂಬಾ ಉಣ್ಣುವುದನ್ನು ಪಕ್ಕದಲ್ಲಿ ಕೂತು ನೋಡುವಷ್ಟು ಒಳ್ಳೆಯವಳು ನಾನಿನ್ನೂ ಆಗಿಲ್ಲ.

ಅಕ್ಕ